ಫ್ಯಾನಿನ ಸದ್ದಿನೊಳಗೆ ಒಂದು ಹೆಸರು: ಒಂದು ಆಡಿಯೋ ಕಥೆಯ ಪ್ರಕರಣ ಅಧ್ಯಯನ

ನಾವು ಮಾಡಿದ ಆಡಿಯೋ ಕಥೆಯ ಮೂರನೇ ಕಂತು 19 ನಿಮಿಷದ್ದು. ಅದರ 11ನೇ ನಿಮಿಷದಲ್ಲಿ ಒಬ್ಬ ಹೆಂಗಸು ಕತ್ತಲ ಕೋಣೆಯಲ್ಲಿ ಮಲಗಿದ್ದಾಳೆ. ಮೇಲೆ ಫ್ಯಾನ್ ತಿರುಗುತ್ತಿದೆ. ಬಚ್ಚಲಲ್ಲಿ ನಲ್ಲಿ ತೊಟ್ಟಿಕ್ಕುತ್ತಿದೆ. ಫ್ಯಾನಿನ ಸದ್ದಿನೊಳಗಿಂದ ಯಾರೋ ತನ್ನನ್ನು ಕರೆದ ಹಾಗೆ ಅವಳಿಗೆ ಕೇಳಿಸುತ್ತದೆ. ನಿಜವಾಗಿಯೂ ಯಾರಾದರೂ ಕರೆದರೋ, ನಿದ್ದೆಗೆಟ್ಟ ತಲೆ ಹಾಗೆ ಕೇಳಿಸಿಕೊಂಡಿತೋ? ಕೇಳುಗರಿಗೆ ಇದು ಕೊನೆವರೆಗೂ ಗೊತ್ತಾಗಬಾರದು.

ಕಾಗದದ ಮೇಲೆ ಇದು ಸುಲಭ. "ಯಾರೋ ಕರೆದ ಹಾಗಾಯಿತು" ಅಂತ ಬರೆದರೆ ಮುಗಿಯಿತು. ಆದರೆ "ಹಾಗಾಯಿತು" ಅನ್ನುವುದನ್ನು ಕಿವಿಗೆ ಕೇಳಿಸುವುದು ಹೇಗೆ? ಆ ಒಂದು ನಿಮಿಷಕ್ಕಾಗಿ ನಾವು ಎರಡು ತಿಂಗಳು ಒದ್ದಾಡಿದೆವು. ಎಲ್ಲಿ ತಪ್ಪಿದೆವು, ಏನು ಬದಲಿಸಿದೆವು ಅನ್ನುವುದನ್ನು ಇಲ್ಲಿ ಪೂರ್ತಿ ಬರೆದಿದ್ದೇನೆ. ನಿದ್ದೆ ಬಾರದವರ ಕಥೆಯನ್ನು ಆಡಿಯೋದಲ್ಲಿ ಹೇಳಲು ಹೊರಟವರಿಗೆ ಉಪಯೋಗವಾಗಲಿ ಅಂತ.

ಮೊದಲ ಸಲ ಮಾಡಿದ್ದು

ನಮ್ಮ ತಂಡ ಚಿಕ್ಕದು. ಬರೆಯುವುದು ನಾನು. ಸೌಂಡ್ ಮಾಡುವುದು ನನ್ನ ಗೆಳೆಯ. ಅಕ್ಕ-ತಂಗಿಯ ಪಾತ್ರಕ್ಕೆ ಇಬ್ಬರು ನಟಿಯರು.

ಮೊದಲ ಸ್ಕ್ರಿಪ್ಟಿನಲ್ಲಿ ತಂಗಿ ಐದು ರಾತ್ರಿ ಒಂದು ಚೂರೂ ಮಲಗಿಲ್ಲ. ಮನೆಯಲ್ಲಿ ಒಬ್ಬಳೇ ಇದ್ದಾಳೆ. ದೂರದಲ್ಲಿರುವ ಅಕ್ಕನಿಗೆ ರಾತ್ರಿ ಹೊತ್ತು ಫೋನಿನಲ್ಲಿ ಮಾತು ರೆಕಾರ್ಡ್ ಮಾಡಿ ಕಳಿಸುತ್ತಿರುತ್ತಾಳೆ. ಅಕ್ಕ ಅವಳನ್ನು ಪುಟ್ಟಿ ಅಂತ ಕರೆಯುತ್ತಾಳೆ. ಆ ರಾತ್ರಿ ಕತ್ತಲಲ್ಲಿ "ಪುಟ್ಟೀ" ಅನ್ನುವ ದನಿ ಕೇಳುತ್ತದೆ. ದನಿಗೆ ಉದ್ದನೆಯ ರಿವರ್ಬ್, ಅಂದರೆ ದೊಡ್ಡ ಖಾಲಿ ಕೋಣೆಯಲ್ಲಿ ಮೊಳಗಿದ ಹಾಗೆ ಅನಿಸುವ ಪ್ರತಿಧ್ವನಿ, ಹಾಕಿದ್ದೆವು. ಕೆಳಗೆ ಗುಂಯ್ ಅನ್ನುವ ತಗ್ಗಿನ ಸದ್ದು. ಪಿಸುಮಾತು ಎಡಗಿವಿಯಿಂದ ಬಲಗಿವಿಗೆ ಹರಿದು ಹೋಗುತ್ತಿತ್ತು. ಮಾಡುವಾಗ ನಮಗೇ ಮೈ ಜುಂ ಅಂದಿತ್ತು.

ಪರಿಚಯದ ಏಳು ಜನರಿಗೆ ಕೇಳಿಸಿದೆವು. ನಾಲ್ಕು ಜನ "ಅವಳಿಗೆ ಭ್ರಮೆ" ಅಂದರು. ಮೂರು ಜನ "ದೆವ್ವ" ಅಂದರು. ಅಭಿಪ್ರಾಯ ಎರಡಾದವಲ್ಲ, ಗೆದ್ದೆವು ಅಂತ ಮೊದಲು ಖುಷಿಯಾಯಿತು. ಮಾತಾಡಿಸುತ್ತಾ ಹೋದಾಗ ಖುಷಿ ಇಳಿಯಿತು. ಒಬ್ಬರಿಗೂ ಅನುಮಾನ ಇರಲಿಲ್ಲ. ಏಳೂ ಜನ ತಮ್ಮ ತಮ್ಮ ಉತ್ತರದಲ್ಲಿ ಗಟ್ಟಿಯಾಗಿದ್ದರು. ಎಲ್ಲಿ ತೀರ್ಮಾನಕ್ಕೆ ಬಂದಿರಿ ಅಂದರೆ ಎಲ್ಲರೂ ತೋರಿಸಿದ್ದು ಒಂದೇ ಜಾಗ. "ದನಿ ಆ ಥರ ಗುಂಯ್‌ಗುಟ್ಟಿತಲ್ಲ, ಅಲ್ಲೇ ಗೊತ್ತಾಯ್ತು."

ನಮ್ಮ ಮೂಲ ತಪ್ಪು ಅಲ್ಲೇ ಇತ್ತು. ತೆರೆಯ ಮೇಲಾದರೆ ಹೆಂಗಸು ಬೆಚ್ಚಿಬಿದ್ದಾಗ ಕೋಣೆ ಖಾಲಿ ಇರುವುದನ್ನು ತೋರಿಸಬಹುದು. ಕಿವಿ ಒಂದು ಹೇಳುತ್ತದೆ, ಕಣ್ಣು ಇನ್ನೊಂದು ಹೇಳುತ್ತದೆ. ನೋಡುವವರು ನಡುವೆ ಸಿಕ್ಕಿಕೊಳ್ಳುತ್ತಾರೆ. ಆಡಿಯೋದಲ್ಲಿ ಎರಡನೇ ಸಾಕ್ಷಿಯೇ ಇಲ್ಲ. ಬಾಗಿಲು ಕಿರ್ ಅಂದರೆ ಬಾಗಿಲು ತೆರೆಯಿತು ಅಂತಲೇ ಲೆಕ್ಕ. ದನಿ ಕೇಳಿದರೆ ಯಾರೋ ಮಾತಾಡಿದರು ಅಂತಲೇ ಲೆಕ್ಕ. ಅದರ ಮೇಲೆ ರಿವರ್ಬ್ ಹಾಕಿದರೆ "ಇದು ಮಾಮೂಲಿ ದನಿಯಲ್ಲ" ಅಂತ ನಾವೇ ಬೋರ್ಡ್ ಹಾಕಿದ ಹಾಗೆ. ಹೀಗೆ ಮಾಡಿದರೂ, ಹಾಗೆ ಮಾಡಿದರೂ ಅನುಮಾನ ಹುಟ್ಟಲು ಜಾಗವೇ ಉಳಿಯುವುದಿಲ್ಲ.

"ನಮಗೆ ದೆವ್ವ ಕಾಣೋದಿಲ್ಲ"

ಆ ಏಳು ಜನರಲ್ಲಿ ಒಬ್ಬರಿಗೆ ವರ್ಷಗಳಿಂದ ನಿದ್ದೆಯ ತೊಂದರೆ ಇದೆ. ಅವರು ಎಲ್ಲ ಮುಗಿದ ಮೇಲೆ ಮೆಲ್ಲಗೆ ಹೇಳಿದರು: "ನಮಗೆ ದೆವ್ವ ಕಾಣೋದಿಲ್ಲ. ರಾತ್ರಿ ಉದ್ದ ಆಗುತ್ತೆ, ಅಷ್ಟೇ."

ಆ ಮಾತು ನನ್ನನ್ನು ಬಹಳ ಕಾಡಿತು. ನಿದ್ದೆ ಬಾರದವರು ಅಂದರೆ ಇಲ್ಲದ್ದನ್ನು ಕಾಣುವವರು ಅಂತ ನಾನು ಸುಮ್ನೆ ಅಂದುಕೊಂಡು ಬರೆದುಬಿಟ್ಟಿದ್ದೆ. ಆಮೇಲೆ ಕೂತು ಓದಿದೆ. ನಾನು ಎರಡು ಬೇರೆ ಬೇರೆ ಸಂಗತಿಗಳನ್ನು ಒಂದೇ ಅಂದುಕೊಂಡಿದ್ದೆ ಅಂತ ಗೊತ್ತಾಯಿತು.

ಒಂದು, ನಿದ್ದೆಯನ್ನು ತಡೆದು ಎಚ್ಚರವಾಗಿರುವುದು. 1959ರಲ್ಲಿ ನ್ಯೂಯಾರ್ಕಿನ ರೇಡಿಯೋ ನಿರೂಪಕ ಪೀಟರ್ ಟ್ರಿಪ್ ಟೈಮ್ಸ್ ಸ್ಕ್ವೇರ್‌ನಲ್ಲಿ ಗಾಜಿನ ಬೂತ್ ಒಳಗೆ ಕೂತು ಕಾರ್ಯಕ್ರಮ ನಡೆಸುತ್ತಾ 201 ಗಂಟೆ ಎಚ್ಚರವಾಗಿದ್ದ. ದಿನ ಕಳೆದ ಹಾಗೆ ಅವನಿಗೆ ಇಲ್ಲದ್ದೆಲ್ಲ ಕಾಣತೊಡಗಿತು, ಸುತ್ತ ಇದ್ದವರ ಮೇಲೇ ಅನುಮಾನ ಹುಟ್ಟಿತು. 1963ರ ಡಿಸೆಂಬರ್ ಕೊನೆಯಿಂದ 1964ರ ಜನವರಿವರೆಗೆ ರ‍್ಯಾಂಡಿ ಗಾರ್ಡ್ನರ್ ಎಂಬ 17 ವರ್ಷದ ಹುಡುಗ 264 ಗಂಟೆ, ಅಂದರೆ 11 ದಿನ ಮಲಗದೇ ಇದ್ದ. ನಿದ್ದೆಯ ಸಂಶೋಧಕ ವಿಲಿಯಂ ಡಿಮೆಂಟ್ ಅವನ ಜೊತೆಗಿದ್ದು ಗಮನಿಸಿದರು. ಅವನಿಗೂ ಗ್ರಹಿಕೆ ತಪ್ಪಿದ್ದುಂಟು. ಇವು ಬಲವಂತದ ಎಚ್ಚರದ ಕಥೆಗಳು.

ಇನ್ನೊಂದು ನಿದ್ರಾಹೀನತೆ, ಅಂದರೆ ಮಲಗಿದರೂ ನಿದ್ದೆ ಸರಿಯಾಗಿ ಬಾರದಿರುವುದು. ವಾರಕ್ಕೆ ಮೂರು ರಾತ್ರಿಯಾದರೂ, ಮೂರು ತಿಂಗಳಾದರೂ ಹೀಗೇ ನಡೆದರೆ ಅದನ್ನು ದೀರ್ಘಕಾಲದ ನಿದ್ರಾಹೀನತೆ ಅನ್ನುತ್ತಾರೆ. ಇವರು ಪೂರ್ತಿ ಮಲಗದೇ ಇರುವುದಿಲ್ಲ. ತುಂಡು ತುಂಡಾಗಿ ಮಲಗುತ್ತಾರೆ. ಮಲಗಬೇಕು ಅಂತ ಹಾಸಿಗೆಯಲ್ಲಿ ಹೊರಳಾಡುತ್ತಾರೆ. ಐದು ರಾತ್ರಿ ಒಂದು ಚೂರೂ ಮಲಗದ ನನ್ನ ನಾಯಕಿ ಈ ಗುಂಪಿನವಳೇ ಅಲ್ಲ.

ಓದುತ್ತಾ ಹೋದಾಗ ಇನ್ನೊಂದು ಸಂಗತಿ ಸಿಕ್ಕಿತು. ಕಥೆ ತಿರುಗಿದ್ದೇ ಅದರಿಂದ. ನಿದ್ರಾಹೀನತೆ ಇರುವ ಕೆಲವರ ತಲೆಗೆ ತಂತಿ ಜೋಡಿಸಿ ಮೆದುಳಿನ ಅಲೆಗಳನ್ನು ಅಳೆದರೆ ಅವರು ಗಂಟೆಗಟ್ಟಲೆ ಮಲಗಿದ್ದು ದಾಖಲಾಗಿರುತ್ತದೆ. ಬೆಳಿಗ್ಗೆ ಕೇಳಿದರೆ "ಕಣ್ಣೇ ಮುಚ್ಚಲಿಲ್ಲ" ಅನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಅವರ ಪಾಲಿಗೆ ಆ ರಾತ್ರಿ ಹಾಗೇ ಕಳೆದಿದೆ. ಅಂದರೆ ಎಷ್ಟು ಹೊತ್ತು ಎಚ್ಚರವಿದ್ದೆ ಅನ್ನುವ ಲೆಕ್ಕವೇ ಅವರಿಗೆ ತಪ್ಪುತ್ತದೆ. ಇದಕ್ಕೆ ತಿರುವುಮುರುವಾಗಿ, ರಾತ್ರಿ ನಡುವೆ ಚೂರು ಹೊತ್ತು ಎಚ್ಚರವಾಗಿ ಮತ್ತೆ ಮಲಗಿದ್ದು ಸಾಮಾನ್ಯವಾಗಿ ಬೆಳಿಗ್ಗೆ ನೆನಪಿರುವುದಿಲ್ಲ. ಜಾಸ್ತಿ ದಣಿದವರಿಗೆ ಕಣ್ಣು ಬಿಟ್ಟುಕೊಂಡೇ ಕೆಲವು ಸೆಕೆಂಡು ಜೊಂಪು ಹತ್ತುವುದೂ ಉಂಟು. ಹೋಗಿದ್ದೂ ಗೊತ್ತಾಗುವುದಿಲ್ಲ, ಬಂದಿದ್ದೂ ಗೊತ್ತಾಗುವುದಿಲ್ಲ.

ಹಾಗಾದರೆ ಹೆಸರು ಕರೆದ ಹಾಗೆ ಕೇಳುವುದು? ಅದಕ್ಕೆ ಕಾಯಿಲೆಯೇ ಬೇಕಿಲ್ಲ. ನಿದ್ದೆಗೆ ಜಾರುವ ಹೊತ್ತಿನಲ್ಲಿ ತನ್ನ ಹೆಸರು, ಬಾಗಿಲು ಬಡಿದ ಸದ್ದು, ಯಾರದೋ ಅರ್ಧ ಮಾತು ಕೇಳಿಸುವುದು ಆರೋಗ್ಯವಂತರಲ್ಲೂ ಇದೆ. ಫ್ರಾನ್ಸಿನ ವಿದ್ವಾಂಸ ಆಲ್ಫ್ರೆಡ್ ಮೋರಿ 1848ರಲ್ಲೇ ಈ ಮಂಪರಿನ ಅನುಭವಕ್ಕೆ ಹಿಪ್ನಗಾಜಿಕ್ ಅಂತ ಹೆಸರು ಕೊಟ್ಟಿದ್ದರು. ಮಲಗಿದ ಮೇಲೆ "ಅಮ್ಮ ಕರೆದಳಾ?" ಅಂತ ನಾವೆಲ್ಲ ಒಮ್ಮೆಯಾದರೂ ಎದ್ದು ಕೂತಿದ್ದೇವೆ, ಅಲ್ವಾ?

ಸ್ಕ್ರಿಪ್ಟ್ ಪೂರ್ತಿ ಬದಲಾಯಿತು. ಐದು ರಾತ್ರಿಯ ಎಚ್ಚರ ಹೋಯಿತು. ಈಗ ತಂಗಿಗೆ ಕೆಲವು ತಿಂಗಳಿಂದ ನಿದ್ದೆ ಸರಿಯಿಲ್ಲ. ಮನೆಯಲ್ಲಿ ತನಗೆ ಕೇಳುವುದು ಅಕ್ಕನಿಗೂ ಕೇಳಲಿ ಅಂತ ರೆಕಾರ್ಡಿಂಗ್ ಆನ್ ಮಾಡಿ ಫೋನನ್ನು ದಿಂಬಿನ ಪಕ್ಕ ಇಡುತ್ತಾಳೆ. ಬೆಳಿಗ್ಗೆ ಅದನ್ನು ಕಳಿಸಿ, "ರಾತ್ರಿಯಿಡೀ ರೆಪ್ಪೆಗೆ ರೆಪ್ಪೆ ಹಚ್ಚಲಿಲ್ಲ ಕಣಕ್ಕ" ಅನ್ನುತ್ತಾಳೆ. ಅಕ್ಕ ಕೇಳಿಸಿಕೊಂಡು ಫೋನ್ ಮಾಡುತ್ತಾಳೆ. "ಪುಟ್ಟಿ, ಇದರಲ್ಲಿ ಒಂದೂಕಾಲು ಗಂಟೆ ನೀನು ಗೊರಕೆ ಹೊಡೀತಾ ಇದ್ದೀಯಲ್ಲೇ." ಆಮೇಲೆ ಇನ್ನೊಂದು ಪ್ರಶ್ನೆ ಕೇಳುತ್ತಾಳೆ. ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ದನಿಯೇ ಇಲ್ಲದ ದನಿ

ಈಗ ಮತ್ತೆ ಆ 11ನೇ ನಿಮಿಷ. ಮೊದಲು ರಿವರ್ಬ್ ಕಿತ್ತು ಹಾಕಿದೆವು. ಗುಂಯ್ ಸದ್ದನ್ನೂ ತೆಗೆದೆವು. ಉಳಿದಿದ್ದು ಫ್ಯಾನ್, ನಲ್ಲಿ, ಅವಳ ಉಸಿರು.

ಗೆಳೆಯ ಹಳೆಯ ಫ್ಯಾನೊಂದನ್ನು ಎರಡು ಮೈಕ್ ಇಟ್ಟು ಅರ್ಧ ಗಂಟೆ ರೆಕಾರ್ಡ್ ಮಾಡಿದ್ದ. ಪ್ರತಿ ಸುತ್ತಿಗೂ ಅದು ಸಣ್ಣಗೆ "ಟಕ್" ಅನ್ನುತ್ತಿತ್ತು. ಆ ಟಕ್ ನಮಗೆ ವರವಾಯಿತು.

1970ರಲ್ಲಿ ರಿಚರ್ಡ್ ವಾರೆನ್ ಎಂಬ ಮನಶ್ಶಾಸ್ತ್ರಜ್ಞ ಒಂದು ಪ್ರಯೋಗ ಪ್ರಕಟಿಸಿದರು. ರೆಕಾರ್ಡ್ ಮಾಡಿದ ವಾಕ್ಯದಿಂದ ಒಂದು ಉಚ್ಚಾರವನ್ನು ಪೂರ್ತಿ ಕತ್ತರಿಸಿ, ಆ ಜಾಗದಲ್ಲಿ ಕೆಮ್ಮು ಅಂಟಿಸಿದರು. ಕೇಳಿದವರಿಗೆ ಇಲ್ಲದ ಉಚ್ಚಾರವೂ ಕೇಳಿಸಿತು. ಕೆಮ್ಮು ಎಲ್ಲಿ ಬಂತು ಅಂತ ಸರಿಯಾಗಿ ತೋರಿಸಲೂ ಅವರಿಗೆ ಆಗಲಿಲ್ಲ. ಅಡ್ಡ ಸದ್ದೊಂದು ಬಂದರೆ, ಅದರ ಹಿಂದೆ ಮಾತು ಮುಂದುವರಿದೇ ಇದೆ ಅಂತ ಮೆದುಳು ತಾನೇ ತುಂಬಿಕೊಳ್ಳುತ್ತದೆ. ಅದೇ ಜಾಗವನ್ನು ಖಾಲಿ ಬಿಟ್ಟರೆ ಕಿವಿ ಗುರುತು ಹಿಡಿಯುತ್ತದೆ.

ಅದನ್ನೇ ಹಿಡಿದು, "ಪುಟ್ಟೀ" ಎಂಬ ದನಿಯಿಂದ "ಪು" ಕತ್ತರಿಸಿದೆವು. ಆ ಜಾಗಕ್ಕೆ ಫ್ಯಾನಿನ ಟಕ್ ಸರಿಯಾಗಿ ಬೀಳುವ ಹಾಗೆ ಜೋಡಿಸಿದೆವು. ಉಳಿದ ದನಿಯನ್ನು ಫ್ಯಾನಿನ ಸದ್ದಿನ ಕೆಳಗೆ ಹೂತಿಟ್ಟೆವು. ಮೊದಲಿಗಿಂತ ಎಷ್ಟೋ ಚೆನ್ನಾಗಿತ್ತು. ಆದರೂ ಕೇಳಿದ ಮೂವರು "ಯಾರೋ ಕರೆದರು" ಅಂತ ಖಡಾಖಂಡಿತವಾಗಿ ಹೇಳಿದರು. ದನಿ ಎಷ್ಟು ಸಣ್ಣದಾದರೂ ದನಿಯೇ.

ಮುಂದಿನ ದಾರಿ ಸಿಕ್ಕಿದ್ದು ಒಂದು ಎಡವಟ್ಟಿನಿಂದ. ಒಂದು ರಾತ್ರಿ ಗೆಳೆಯ ಹೊಸ ಮಿಕ್ಸ್, ಅಂದರೆ ಎಲ್ಲ ಸದ್ದನ್ನೂ ಬೆರೆಸಿದ ಫೈಲ್, ಕಳಿಸಿದ. ನಾನು ಕೇಳಿ, "ಈಗ ಸರಿ ಇದೆ, ಹೆಸರು ಹದವಾಗಿ ಕೇಳ್ತಾ ಇದೆ" ಅಂತ ಮೆಸೇಜ್ ಹಾಕಿದೆ. ಅವನಿಗೂ ಹಾಗೇ ಕೇಳಿಸಿತ್ತು. ಮರುದಿನ ಫೈಲ್ ತೆಗೆದು ನೋಡಿದರೆ ದನಿಯ ಟ್ರ್ಯಾಕ್ ಮ್ಯೂಟ್ ಆಗಿತ್ತು. ನಾವಿಬ್ಬರೂ ಕೇಳಿದ್ದು ಬರೀ ಫ್ಯಾನ್.

ನಮಗೆ ಆ ಹೆಸರು ಬರುತ್ತದೆ ಅಂತ ಮೊದಲೇ ಗೊತ್ತಿತ್ತು, ಅದಕ್ಕೇ ಕೇಳಿಸಿತು. ಇದರ ಬಗ್ಗೆ 2001ರಲ್ಲಿ ಪ್ರಕಟವಾದ ಪ್ರಯೋಗವೊಂದಿದೆ. ವಿದ್ಯಾರ್ಥಿಗಳಿಗೆ ಎಲ್ಲರಿಗೂ ಗೊತ್ತಿರುವ ಒಂದು ಹಾಡು ಕೇಳಿಸಿ, ಆಮೇಲೆ ಬರೀ ಸುಂಯ್ ಅನ್ನುವ ಸದ್ದು ಹಾಕಿ, "ಇದರಲ್ಲಿ ಆ ಹಾಡು ಸಣ್ಣಗೆ ಇರಬಹುದು, ಕೇಳಿದರೆ ಬಟನ್ ಒತ್ತಿ" ಅಂದರು. ಹಾಡು ಅದರಲ್ಲಿ ಇರಲೇ ಇಲ್ಲ. ಆದರೂ ಸುಮಾರು ಮೂರರಲ್ಲಿ ಒಂದು ಪಾಲು ಜನ ಬಟನ್ ಒತ್ತಿದ್ದರು.

ಅಂದಮೇಲೆ ಕೆಲಸ ಇದ್ದದ್ದು 11ನೇ ನಿಮಿಷದಲ್ಲಿ ಅಲ್ಲವೇ ಅಲ್ಲ, ಅದಕ್ಕೂ ಮೊದಲು. ಕಂತಿನ ಶುರುವಿನಲ್ಲಿ ಅಕ್ಕ ಫೋನಿನಲ್ಲಿ ಮಾತಾಡುವ ದೃಶ್ಯವಿದೆ. ಅಲ್ಲಿ ಅವಳು ಮೂರು ಸಲ "ಪುಟ್ಟೀ" ಅನ್ನುವ ಹಾಗೆ ಬರೆದೆ. ಮೂರೂ ಸಲ ಒಂದೇ ರಾಗ, ಕೊನೆಯ "ಈ" ಸ್ವಲ್ಪ ಎಳೆದು. ಆ ಕರೆಯುವ ರೀತಿ ಕೇಳುಗರ ಕಿವಿಯಲ್ಲಿ ಕೂತಿರಬೇಕು. 11ನೇ ನಿಮಿಷದಲ್ಲಿ ದನಿಯ ಟ್ರ್ಯಾಕ್ ಪೂರ್ತಿ ತೆಗೆದುಬಿಟ್ಟೆವು. ಬದಲಿಗೆ ಗೆಳೆಯ ಫ್ಯಾನಿನ ಸದ್ದನ್ನೇ ಒಂಚೂರು ಮುಟ್ಟಿದ. ಹೆಂಗಸಿನ ದನಿಯಲ್ಲಿ "ಈ" ಸ್ವರದ ಬಲ, ಸದ್ದಿನ ತಗ್ಗು-ಎತ್ತರವನ್ನು ಹರ್ಟ್ಜ್‌ನಲ್ಲಿ ಅಳೆದರೆ, ಎರಡು ಕಡೆ ಇರುತ್ತದೆ. ಒಂದು 300 ಹರ್ಟ್ಜ್ ಹತ್ತಿರ, ಇನ್ನೊಂದು 2,500 ಹರ್ಟ್ಜ್ ದಾಟಿದ ಮೇಲೆ. ಟಕ್ ಆದ ತಕ್ಷಣ ಅರ್ಧ ಸೆಕೆಂಡು, ಫ್ಯಾನಿನ ಸದ್ದಿನಲ್ಲಿ ಆ ಎರಡು ಕಡೆ ಮಾತ್ರ ಸ್ವಲ್ಪ ಏರಿಸಿ ಇಳಿಸಿದ. ಅಷ್ಟೇ. ಅಲ್ಲಿ ಮನುಷ್ಯರ ದನಿಯ ಒಂದು ಎಳೆಯೂ ಇಲ್ಲ.

ಜಾಗದ ವಿಷಯವೂ ಇತ್ತು. ಹೆಡ್‌ಫೋನಿನಲ್ಲಿ ಎರಡೂ ಕಿವಿಗೆ ಒಂದೇ ಥರ ಬರುವ ದನಿ ಹೊರಗಿಂದ ಬಂದ ಹಾಗೆ ಅನಿಸುವುದಿಲ್ಲ, ತಲೆಯ ನಡುವೆ ಕೂತ ಹಾಗಿರುತ್ತದೆ. ತಂಗಿಯ ಮಾತನ್ನು ನಾವು ಅಲ್ಲೇ ಇಟ್ಟಿದ್ದೆವು. ಹೆಸರೂ ಅಲ್ಲಿಗೇ ಬಂದರೆ "ಅವಳ ತಲೆಯೊಳಗಿನದು" ಅಂತ ತಿಳಿದುಬಿಡುತ್ತದೆ. ಹಾಗಾಗಿ ಅದನ್ನು ಫ್ಯಾನ್ ಇದ್ದಲ್ಲೇ ಬಿಟ್ಟೆವು.

ಈ ಸಲ ಹೊಸ ಆರು ಜನರಿಗೆ ಕೇಳಿಸಿದೆವು. ಇಬ್ಬರಿಗೆ ಹೆಸರು ಕೇಳಿಸಿತು. ಮೂವರಿಗೆ ಏನೂ ಕೇಳಿಸಲಿಲ್ಲ. ಆದರೆ ತಂಗಿ ಎದ್ದು ಕೂತು "ಯಾರು?" ಅಂದಾಗ ತಾವೇನೋ ತಪ್ಪಿಸಿಕೊಂಡೆವು ಅನ್ನಿಸಿತಂತೆ. ಇನ್ನೊಬ್ಬರು ನಾಲ್ಕು ಸಲ ಹಿಂದೆ ಹೋಗಿ ಕೇಳಿ, "ಒಂದು ಸಲ ಇತ್ತು, ಆಮೇಲೆ ಇರಲಿಲ್ಲ" ಅಂದರು. ನಾನು ಎರಡು ತಿಂಗಳು ಕಾದಿದ್ದು ಆ ಉತ್ತರಕ್ಕೆ.

ಬಕೆಟ್ಟಿಗೆ ಗೊತ್ತು

ತಂಗಿ ತನಗೇ ಗೊತ್ತಿಲ್ಲದೆ ಮಲಗುವ ಜಾಗ ಇದಕ್ಕಿಂತ ಬೇಗ ಸರಿಹೋಯಿತು. ಆದರೆ ನನಗೆ ಇಡೀ ಕಂತಿನಲ್ಲಿ ಅದೇ ಹೆಚ್ಚು ಇಷ್ಟ.

ಮೊದಲು ಅಲ್ಲಿ ಫೇಡ್ ಹಾಕಿದ್ದೆವು. ಸದ್ದು ಮೆಲ್ಲಗೆ ಆರಿ, ಮತ್ತೆ ಮೆಲ್ಲಗೆ ಏರುತ್ತಿತ್ತು. ಕೇಳುಗರು "ದೃಶ್ಯ ಬದಲಾಯಿತು" ಅಂದುಕೊಂಡು ಮುಂದೆ ಹೋದರು. ಜಾರಿದವರಿಗೆ ಜಾರಿದ್ದು ಗೊತ್ತಾಗುವುದಿಲ್ಲ ಅಂದಮೇಲೆ ಫೇಡ್ ಯಾಕೆ ಇರಬೇಕು? ಹಾಗಾಗಿ ಅವಳ ಮಾತನ್ನು ನಡುವೆ ತುಂಡರಿಸದೆ ಬಿಟ್ಟೆವು. "ಅಕ್ಕ, ನಾನು ಎದ್ದೇ ಇದ್ದೀನಿ, ಈಗ ಎರಡೂವರೆ ಇರಬೇಕು" ಅನ್ನುತ್ತಾಳೆ. ಒಂದು ಉಸಿರು. "ಈ ನಲ್ಲಿ ಸದ್ದು ನಿಂತರೆ ಸಾಕು" ಅನ್ನುತ್ತಾಳೆ. ಎರಡು ವಾಕ್ಯದ ನಡುವೆ ಅವಳ ಪಾಲಿಗೆ ಏನೂ ಆಗಿಲ್ಲ.

ಬದಲಾಗಿದ್ದು ಬಕೆಟ್. ನಲ್ಲಿಯ ಕೆಳಗೆ ಅವಳು ಬಕೆಟ್ ಇಟ್ಟಿದ್ದಾಳೆ ಅಂತ ಮೊದಲೇ ಹೇಳಿರುತ್ತೇವೆ. ಮೊದಲ ವಾಕ್ಯದಲ್ಲಿ ಹನಿ ಒಣಗಿದ ಪ್ಲಾಸ್ಟಿಕ್ಕಿನ ಮೇಲೆ ಬೀಳುತ್ತದೆ: ಟಪ್, ಟಪ್. ಎರಡನೇ ವಾಕ್ಯದಲ್ಲಿ ನೀರಿನೊಳಗೆ ಬೀಳುತ್ತದೆ: ಬುಳುಕ್. ನೀರಿನಲ್ಲಿ ಹನಿ ಬಿದ್ದಾಗ ಕೆಳಗೆ ಸಣ್ಣ ಗಾಳಿಗುಳ್ಳೆ ಸಿಕ್ಕಿಕೊಂಡು ಕಂಪಿಸುತ್ತದೆ, ಆ ಬುಳುಕ್ ಅದರದ್ದು. ಖಾಲಿ ಬಕೆಟ್ಟಿನಿಂದ ಅದು ಯಾವತ್ತೂ ಹೊರಡುವುದಿಲ್ಲ. ಗೆಳೆಯ ಅದನ್ನು ನಿಜವಾದ ಬಕೆಟ್ ಇಟ್ಟೇ ರೆಕಾರ್ಡ್ ಮಾಡಿದ, ಖಾಲಿ ಇದ್ದಾಗ ಒಂದು ಸಲ, ನಾಲ್ಕು ಬೆರಳು ನೀರು ತುಂಬಿದ ಮೇಲೆ ಒಂದು ಸಲ.

ಹೊತ್ತು ಕಳೆದಿದೆ ಅಂತ ಕೇಳುಗರ ಕಿವಿಗೆ ಗೊತ್ತು. ಅವಳಿಗೆ ಗೊತ್ತಿಲ್ಲ. ಬಹಳ ಜನ ಇದನ್ನು ಗುರುತಿಸಲಿಲ್ಲ. "ಅಲ್ಲೇನೋ ಸರಿ ಇಲ್ಲ ಅನ್ನಿಸ್ತು, ಏನು ಅಂತ ಗೊತ್ತಾಗಲಿಲ್ಲ" ಅಂದರು. ಅಕ್ಕ ಗೊರಕೆಯ ವಿಷಯ ಹೇಳಿದ ಮೇಲೆ ಹಿಂದೆ ಹೋಗಿ ಕೇಳಿದವರು ಬಕೆಟ್ಟನ್ನು ಕಂಡುಕೊಂಡರು.

ಹಾಸಿಗೆಯಲ್ಲಿ ಕೇಳುವವರು

ಆರು ಜನರಲ್ಲಿ ಒಬ್ಬರು ಕಂತಿನಲ್ಲಿ ಕುರ್ಚಿ ಎಳೆದ ಸದ್ದನ್ನು ಬಹಳ ಹೊಗಳಿದರು. ನಮ್ಮ ಕಥೆಯಲ್ಲಿ ಕುರ್ಚಿಯೇ ಇಲ್ಲ. ಎಲ್ಲ ಟ್ರ್ಯಾಕ್ ಹುಡುಕಿದೆವು, ಎಲ್ಲೂ ಸಿಗಲಿಲ್ಲ. ಆಮೇಲೆ ವಿಚಾರಿಸಿದರೆ ಅವರು ರಾತ್ರಿ ದೀಪ ಆರಿಸಿ, ಇಯರ್‌ಫೋನ್ ಹಾಕಿಕೊಂಡು, ಮಲಗಿಕೊಂಡೇ ಕೇಳಿದ್ದರು. ನಡುವೆ ಕಣ್ಣು ಹತ್ತಿತ್ತೋ ಏನೋ. ಅವರಂತೂ "ಇಲ್ಲ, ಎಚ್ಚರವಾಗೇ ಇದ್ದೆ" ಅಂದರು. ಥೇಟ್ ನಮ್ಮ ತಂಗಿಯ ಹಾಗೆ.

ಭಯದ ಕಥೆಯನ್ನು ಎಷ್ಟೋ ಜನ ಕೇಳುವುದೇ ಹೀಗೆ. ಅಂದರೆ ನಂಬಲಾಗದ ಕಿವಿ ಕಥೆಯೊಳಗೆ ಮಾತ್ರ ಇಲ್ಲ. ಕೇಳುಗರೂ ದಣಿದಿರುತ್ತಾರೆ, ಅರ್ಧ ಮಂಪರಿನಲ್ಲಿರುತ್ತಾರೆ, ಅವರ ಕೋಣೆಯಲ್ಲೂ ಫ್ಯಾನ್ ತಿರುಗುತ್ತಿರುತ್ತದೆ. ಇದನ್ನು ತಿಳಿದ ಮೇಲೆ ಎರಡು ಬದಲಾವಣೆ ಮಾಡಿದೆವು. ಕಥೆಗೆ ಬೇಕೇಬೇಕಾದ ಸಂಗತಿಯನ್ನು ಎರಡು ಕಡೆ ಹೇಳಿದೆವು, ಒಂದು ಜಾಗ ತಪ್ಪಿದರೂ ಇನ್ನೊಂದು ಸಿಗಲಿ ಅಂತ. ಇದ್ದಕ್ಕಿದ್ದಂತೆ ಢಂ ಅನ್ನಿಸಿ ಬೆಚ್ಚಿಬೀಳಿಸುವ ಸದ್ದನ್ನು ಎಲ್ಲೂ ಇಡಲಿಲ್ಲ. ಪಿಸುಮಾತು ಕೇಳಲಿ ಅಂತ ವಾಲ್ಯೂಮ್ ಏರಿಸಿಕೊಂಡು, ಕತ್ತಲಲ್ಲಿ ನಂಬಿ ಮಲಗಿದವರ ಕಿವಿಗೆ ಹಾಗೆ ಹೊಡೆಯುವುದು ನನಗೆ ಸರಿ ಕಾಣಲಿಲ್ಲ.

ನಿದ್ದೆಯ ತೊಂದರೆ ಇರುವ ಆ ಕೇಳುಗರಿಗೆ ಕೊನೆಯ ಆವೃತ್ತಿ ಕಳಿಸುವಾಗ ಹಗಲು ಹೊತ್ತು ಕೇಳಿ ಅಂತ ಹೇಳಿದ್ದೆ. ಅವರು ಕೇಳಿ, "ಈಗ ಇದು ನಮ್ಮ ರಾತ್ರಿ" ಅಂದರು. ಜೊತೆಗೆ, ಶುರುವಿನಲ್ಲೇ ಒಂದು ಮಾತು ಹೇಳಿಬಿಡಿ ಅಂತಲೂ ಕೇಳಿಕೊಂಡರು. ಕಂತಿನ ಮೊದಲ ಹತ್ತು ಸೆಕೆಂಡಿನಲ್ಲಿ ಈಗ ಅದಿದೆ: ನಿದ್ದೆ ಬಾರದ ರಾತ್ರಿಯಲ್ಲಿ ಇದನ್ನು ಕೇಳಬೇಡಿ, ಹಗಲಿಗೆ ಇಟ್ಟುಕೊಳ್ಳಿ.

ನಿಲ್ಲಿಸಿದ್ದು ಯಾರು

ಗೊರಕೆಯ ವಿಷಯ ಹೇಳಿದ ಮೇಲೆ ಅಕ್ಕ ಕೇಳುವ ಪ್ರಶ್ನೆ ಇದು: "ನೀನು ಮಲಗೇ ಇದ್ದೆ. ಮತ್ತೆ ರೆಕಾರ್ಡಿಂಗ್ ನಿಲ್ಲಿಸಿದ್ದು ಯಾರು?"

ಒಬ್ಬರು "ಚಾರ್ಜ್ ಮುಗಿದಿರುತ್ತೆ ಬಿಡಿ" ಅಂದರು. ಒಳ್ಳೆಯ ಮಾತು. ಬೆಳಿಗ್ಗೆ ಫೋನಿನಲ್ಲಿ ಅರ್ಧಕ್ಕಿಂತ ಜಾಸ್ತಿ ಚಾರ್ಜ್ ಇತ್ತು ಅಂತ ತಂಗಿಯ ಬಾಯಲ್ಲಿ ಹೇಳಿಸಿದೆ. ಇನ್ನು ಉಳಿದಿದ್ದು ಎರಡೇ ದಾರಿ. ಅವಳೇ ನಿದ್ದೆಗಣ್ಣಿನಲ್ಲಿ ಎಚ್ಚರವಾಗಿ ನಿಲ್ಲಿಸಿ ಮತ್ತೆ ಮಲಗಿರಬೇಕು, ಅದು ನೆನಪಿಲ್ಲ. ಅಥವಾ ಅವಳಲ್ಲ.

ನಿಲ್ಲಿಸುವ ಸದ್ದನ್ನು ಹೇಗೆ ಕೊಡುವುದು ಅಂತ ಮೂರು ಥರ ನೋಡಿದೆವು. ಬೆರಳು ತಾಗಿದ ಸದ್ದು ಇಟ್ಟರೆ ಅಲ್ಲೊಬ್ಬ ಮನುಷ್ಯ ಬಂದುಬಿಡುತ್ತಾನೆ. ಹಾಸಿಗೆ ಕಿರುಗುಟ್ಟಿದರೆ ಅವಳೇ ಎದ್ದಳು ಅಂತಾಗುತ್ತದೆ. ಕೊನೆಗೆ ಏನೂ ಇಡಲಿಲ್ಲ. ಅವಳು ಉಸಿರು ಬಿಡುತ್ತಿರುವಾಗ, ಅರ್ಧ ಉಸಿರಿಗೆ ರೆಕಾರ್ಡಿಂಗ್ ಕಡಿದುಹೋಗುತ್ತದೆ.

ರೆಕಾರ್ಡ್ ಮಾಡುವ ದಿನ ತಂಗಿಯ ಪಾತ್ರದ ನಟಿ ನನ್ನನ್ನು ಪಕ್ಕಕ್ಕೆ ಕರೆದು, "ನಿಜವಾಗಿ ಯಾರು ನಿಲ್ಲಿಸಿದ್ದು? ನನಗಾದರೂ ಗೊತ್ತಿರಬೇಕಲ್ವಾ?" ಅಂದರು. "ನೀವೇ. ಆದರೆ ನಿಮಗೆ ನೆನಪಿಲ್ಲ" ಅಂದೆ. ಅಕ್ಕನ ಪಾತ್ರದವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಇಬ್ಬರೂ ಒಂದೇ ಕೋಣೆಯಲ್ಲಿ ಎದುರುಬದುರು ಕೂತು ಆ ಫೋನ್ ಕರೆಯನ್ನು ಮಾಡಿದರು. ಪ್ರಶ್ನೆ ಕೇಳಿದ ಮೇಲೆ ತಂಗಿ ತಕ್ಷಣ ಉತ್ತರ ಕೊಡಬೇಕಿತ್ತು. ಅವರು ಕೊಡಲಿಲ್ಲ. ಬಾಯಿ ತೆರೆದರು, ನಿಲ್ಲಿಸಿದರು. ಎರಡು ಸೆಕೆಂಡು ಕಳೆದು, "ಫ್ಯಾನ್ ಆಫ್ ಮಾಡ್ತೀನಿ ತಾಳಕ್ಕ, ಸರಿಯಾಗಿ ಕೇಳ್ತಿಲ್ಲ" ಅಂದರು. ಆ ಮಾತು ಸ್ಕ್ರಿಪ್ಟಿನಲ್ಲಿ ಇರಲಿಲ್ಲ. ಹಾಗೇ ಇಟ್ಟೆವು. ಅದಾದ ಮೇಲೆ ಸ್ವಿಚ್ಚಿನ ಸದ್ದು, ರೆಕ್ಕೆ ನಿಧಾನವಾಗುತ್ತಾ ಟಕ್, ಟಕ್, ಒಂದೊಂದು ಟಕ್ಕಿಗೂ ಅಂತರ ಜಾಸ್ತಿಯಾಗುತ್ತಾ ಹೋಗುತ್ತದೆ. ಕೊನೆಯ ಟಕ್ ಆದ ಮೇಲೆ ಮೂರು ಸೆಕೆಂಡು ಬರೀ ಖಾಲಿ ಕೋಣೆ ಬಿಟ್ಟಿದ್ದೇವೆ. ಕಂತು ಅಲ್ಲಿಗೆ ಮುಗಿಯುತ್ತದೆ.